ದೂರದರ್ಶನದ ತೆರೆಯ ಮೇಲೆ ಕನ್ನಡದ ಅಕ್ಷರ

ಅಕ್ಷರವೆಂದರೆ ಅಳಿಯದುದು ಎಂದು ವೈಯಾಕರಣರು ನಿರ್ವಚನ ಹೇಳುತ್ತಾರೆ. ಅಳಿಯದಿದ್ದರೂ ಅದು ತನಗೆ ಆಶ್ರಯವಿತ್ತ ವಸ್ತುವಿಗೆ ತಕ್ಕಂತೆ ರೂಪವನ್ನು ಹೊಂದಿಸಿಕೊಳ್ಳುತ್ತಲೇ ಬಂದಿದೆ. ಶಿಲೆಯ ಮೇಲೆ ಉಳಿಯ ಮೊನೆಗೆ ಒಗ್ಗಿದ ಅಕ್ಷರವೇ ಬೇರೆ. ಕಂಟದ ಮೊನೆಗೆ ಗರಿಯು ಸೀಳಿಹೋಗದಂತೆ ತಾಳೆಯೋಲೆಯ ಮೇಲೆ ದುಂಡಾಗಿ ಹರಿದ ಅಕ್ಷರವೇ ಬೇರೆ. ಅಚ್ಚಿನ ಮೊಳೆಯಲ್ಲಿ ಎರಕಗೊಂಡುದು ಮತ್ತೂ ಬೇರೆ. ಈಗ ತರಗತಿಯ ಗೋಡೆಗೆ ತೂಗುಹಾಕಿದ ಟಿ.ವಿ.ಯ ತೆರೆಯು ಅಕ್ಷರದ ಹೊಸ ಆಶ್ರಯವಾಗಿದೆ. ಈ ಆಶ್ರಯದಾತನ ಸ್ವಭಾವವನ್ನು ಅರಿಯದೆ ಅಕ್ಷರವನ್ನು ಅವನ ವಶಕ್ಕೆ ಒಪ್ಪಿಸಿದರೆ ಏನಾಗುವುದೆಂಬುದೇ ಈ ಲೇಖನದ ವಿಷಯ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಸೀಮೆಯಲ್ಲಿ ಒಂದು ಶಾಲೆಯಿದೆಯೆಂದು ಇಟ್ಟುಕೊಳ್ಳೋಣ. ಹಳೆಯ ವಿದ್ಯಾರ್ಥಿಯೊಬ್ಬರು ಅಭಿಮಾನದಿಂದ ದೊಡ್ಡದೊಂದು ಟಿ.ವಿ.ಯನ್ನು ಕೊಡುಗೆಯಾಗಿ ಕೊಟ್ಟಿದ್ದಾರೆ. ಶಾಲೆಯಲ್ಲಿ ಮೊದಲೇ ಇದ್ದ ಕಂಪ್ಯೂಟರನ್ನು ಅದಕ್ಕೆ ಜೋಡಿಸಲಾಗಿದೆ. ಚಲನಚಿತ್ರವನ್ನು ಹಾಕಿದರೆ ನೋಡಲು ಎರಡು ಕಣ್ಣು ಸಾಲವು. ಆದರೆ ಕನ್ನಡದ ಪಾಠವನ್ನು ತೆರೆದೊಡನೆ ಅಕ್ಷರಗಳ ಅಂಚು ಮಸಕಾಗಿ, ಸುತ್ತಲೂ ಬಿಳಿಯ ನೆರಳು ಕವಿದು, ಪುಟದ ಎಡಬಲಗಳು ತೆರೆಯ ಆಚೆಗೆ ಸರಿದುಹೋಗುತ್ತವೆ. ಕಡೆಯ ಬೆಂಚಿನ ಹುಡುಗನು ‘ಧನ’ವೆಂಬುದನ್ನು ‘ದನ’ವೆಂದು ಓದುತ್ತಾನೆ. ಉಪಾಧ್ಯಾಯರು ಅವನನ್ನು ಗದರುತ್ತಾರೆ. ತಪ್ಪು ಹುಡುಗನದಲ್ಲ, ಅವನಿಗೆ ಕಂಡದ್ದು ದಕಾರವೇ. ಕೆಲವು ತಿಂಗಳು ಹೀಗೆ ನಡೆದ ಮೇಲೆ, ಟಿ.ವಿ. ಕೆಟ್ಟದ್ದೆಂದೋ ಕಂಪ್ಯೂಟರ್ ಹಳೆಯದೆಂದೋ ತೀರ್ಮಾನವಾಗಿ, ಮತ್ತೊಬ್ಬ ದಾನಿಯ ಬಳಿಗೆ ಹೊಸ ಅರ್ಜಿ ಹೋಗುತ್ತದೆ. ಎರಡೂ ಕೆಟ್ಟಿರುವುದಿಲ್ಲ. ಟಿ.ವಿ.ಯು ತಾನು ಹುಟ್ಟಿದ ಕಾಲದ ಕೆಲವು ಅಭ್ಯಾಸಗಳನ್ನು ಬಿಡದೆ ನಡೆದುಕೊಳ್ಳುತ್ತಿದೆ, ಅಷ್ಟೇ. ಆ ಅಭ್ಯಾಸಗಳನ್ನು ರಿಮೋಟಿನ ನಾಲ್ಕಾರು ಗುಂಡಿಗಳಿಂದಲೇ ಬಿಡಿಸಬಹುದು. ಅದಕ್ಕೆ ಒಂದು ಪೈಯೂ ತಗಲುವುದಿಲ್ಲ.

ಟಿ.ವಿ.ಗೂ ಕಂಪ್ಯೂಟರಿಗೂ ಇರುವ ನಂಟು ಹೊಸದಲ್ಲ. ಭಾರತದಲ್ಲಿ ದೂರದರ್ಶನದ ಪ್ರಸಾರ ಮೊದಲಾದುದು 1959ರ ಸೆಪ್ಟೆಂಬರ್ 15ರಂದು, ದೆಹಲಿಯಲ್ಲಿ. ಕರ್ನಾಟಕದ ಹಳ್ಳಿಗಳಿಗೆ ಅದು ಬಂದುದು 1975-76ರಲ್ಲಿ, ಉಪಗ್ರಹದ ಮೂಲಕ ಬೋಧನಾತ್ಮಕ ಕಾರ್ಯಕ್ರಮಗಳನ್ನು ಬಿತ್ತರಿಸಿದ ‘ಸೈಟ್’ ಎಂಬ ಪ್ರಯೋಗದಲ್ಲಿ. ಆಗ ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳ ಆಯ್ದ ಹಳ್ಳಿಗಳಲ್ಲಿ ಬೆಳಗಿನ ಹೊತ್ತು ಶಾಲಾಮಕ್ಕಳಿಗಾಗಿಯೇ ಪ್ರಸಾರವಿರುತ್ತಿತ್ತು. ಎಂದರೆ ನಮ್ಮ ನಾಡಿನ ಗ್ರಾಮಗಳಿಗೆ ಟಿ.ವಿ.ಯು ಬಂದುದೇ ಉಪಾಧ್ಯಾಯನ ವೇಷದಲ್ಲಿ. ವಿನೋದದ ವೇಷವನ್ನು ತೊಟ್ಟುದು ಆಮೇಲೆ. ಇನ್ನು ಕಂಪ್ಯೂಟರಿನ ಸಂಗತಿ. 1980ರ ಸುಮಾರಿಗೆ ಮನೆ ಮತ್ತು ಶಾಲೆಗಳಿಗೆಂದು ಬಂದ ಚಿಕ್ಕ ಕಂಪ್ಯೂಟರುಗಳಲ್ಲಿ ಎಷ್ಟೋ ಯಂತ್ರಗಳಿಗೆ ತಮ್ಮದೆಂಬ ತೆರೆಯೇ ಇರಲಿಲ್ಲ, ಟಿ.ವಿ.ಯ ಆಂಟೆನಾ ಕಂಡಿಗೆ ತಂತಿ ಸಿಕ್ಕಿಸಿದರೆ ಅಕ್ಷರಗಳು ಅಲ್ಲಿ ಮೂಡುತ್ತಿದ್ದವು. 1982ರ ಸಿಂಕ್ಲೇರ್ ಸ್ಪೆಕ್ಟ್ರಮ್ ಅಂಥದು. 1984ರಲ್ಲಿ ಭಾರತ ಸರಕಾರವು ಶಾಲೆಗಳಿಗಾಗಿ ಆರಂಭಿಸಿದ ‘ಕ್ಲಾಸ್’ ಎಂಬ ಗಣಕ ಸಾಕ್ಷರತಾ ಯೋಜನೆಯಲ್ಲಿ ಹಂಚಿದ ಬಿ.ಬಿ.ಸಿ. ಮೈಕ್ರೋ ಯಂತ್ರವನ್ನೂ ಟಿ.ವಿ.ಗೆ ಜೋಡಿಸಲು ಅವಕಾಶವಿತ್ತು.

ಸ್ಪೆಕ್ಟ್ರಮ್ಮಿನ ತೆರೆಯಲ್ಲಿ ಅಡ್ಡಕ್ಕೆ 256, ಉದ್ದಕ್ಕೆ 192 ಚುಕ್ಕೆಗಳು ಮಾತ್ರ ಇದ್ದವು. ಒಂದೊಂದು ಅಕ್ಷರಕ್ಕೆ ಎಂಟು ಚುಕ್ಕೆ ಅಗಲ, ಎಂಟು ಚುಕ್ಕೆ ಎತ್ತರದ ಮನೆ. ರೋಮನ್ ಲಿಪಿಯು ಆ ಮನೆಯಲ್ಲಿ ಸುಖವಾಗಿ ಸಂಸಾರ ಮಾಡಿತು. ಕನ್ನಡಕ್ಕಾದರೋ ಮೇಲೆ ತಲೆಕಟ್ಟು ಬೇಕು, ಗುಡಿಸು ಬೇಕು, ನಡುವೆ ಅಕ್ಷರದ ಒಡಲು ಬೇಕು, ಕೆಳಗೆ ಒತ್ತಿಗೆ ಜಾಗ ಬೇಕು. ಎಂಟು ಚುಕ್ಕೆಗಳ ಎತ್ತರದಲ್ಲಿ ‘ಕೊಪ್ಪ’ ಎಂದು ಬರೆಯುವುದೇ ಕಷ್ಟ. ‘ಸ್ವಾತಂತ್ರ್ಯ’ದ ಮಾತು ದೂರವೇ ಉಳಿಯಿತು. ಯಂತ್ರಗಳ ಶಕ್ತಿ ಬೆಳೆದಂತೆ ಈ ತೊಡಕು ನೀಗಿತು. 1991ರಲ್ಲಿ ಪ್ರಕಟವಾದ ಯುನಿಕೋಡ್ ಸಂಕೇತದ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯೊಡನೆ ದೊರೆತ ಕನ್ನಡ ಅಕ್ಷರಮಾಲೆಯ ಹೆಸರು ‘ತುಂಗಾ’. ಶೃಂಗೇರಿ, ಹರಿಹರಪುರಗಳನ್ನು ಬಳಸಿ ಹರಿಯುವ ಹೊಳೆಯ ಹೆಸರನ್ನೇ ಹೊತ್ತ ಅಕ್ಷರಗಳು ಆ ಹೊಳೆಯ ದಂಡೆಯ ಶಾಲೆಗಳಲ್ಲಿಯೇ ಮಸಕಾಗಿ ಕಾಣುವುದು ಸೋಜಿಗದ ಸಂಗತಿ.

ಟಿ.ವಿ.ಯನ್ನು ದೂಷಿಸುವ ಮೊದಲು ಕನ್ನಡ ಲಿಪಿಯ ಒಂದು ಗುಣವನ್ನು ಗಮನಿಸಬೇಕು. ನಮ್ಮ ಲಿಪಿಯಲ್ಲಿ ಬಹುದೊಡ್ಡ ಅರ್ಥಭೇದವನ್ನು ಬಹುಚಿಕ್ಕ ಗುರುತೊಂದು ಹೊತ್ತಿರುತ್ತದೆ. ದಕಾರದ ಬುಡದಲ್ಲಿ ಒಂದು ಸೀಳನ್ನಿಟ್ಟರೆ ಧಕಾರ. ಆ ಧಕಾರದ ಹೊಟ್ಟೆಯೊಳಗೆ ಒಂದು ಚುಕ್ಕೆಯನ್ನಿಟ್ಟರೆ ಥಕಾರ. ಬ-ಭ, ಡ-ಢ, ಪ-ಫ ಇವುಗಳ ನಡುವಣ ಅಂತರವೂ ಅಷ್ಟೇ. ಪಕಾರದ ಒಡಲೊಳಗೆ ಗೆರೆಯೊಂದು ಹಾದರೆ ಅದು ಷಕಾರವಾಗುತ್ತದೆ. ‘ಆದಿ’ಯೆಂದರೆ ಮೊದಲು, ‘ಆಧಿ’ಯೆಂದರೆ ಮನೋವ್ಯಥೆ. ಶೃಂಗೇರಿಯ ಹೆಸರನ್ನೇ ತೆಗೆದುಕೊಳ್ಳಬಹುದು. ಶಕಾರದ ಕೆಳಗಿರುವುದು ವಟ್ರಸುಳಿ. ತೆರೆ ಮಸಕಾದರೆ ಅದು ಕ್ರಾವಡಿಯಂತೆ ಕಂಡು ಮಗುವು ‘ಶ್ರಂಗೇರಿ’ಯೆಂದು ಬರೆದುಕೊಳ್ಳುತ್ತದೆ. ಮೊದಲೇ ಮಕ್ಕಳು ತಪ್ಪುವ ಎಡೆಯದು. ತೆರೆಯೂ ತಪ್ಪಿಗೆ ಇಂಬು ಕೊಟ್ಟರೆ ತಿದ್ದುವವರು ಯಾರು? ನರಸಿಂಹರಾಜಪುರವೊಂದು ಈ ವಿಷಯದಲ್ಲಿ ಪುಣ್ಯವಂತ ಊರು. ಅಷ್ಟುದ್ದದ ಹೆಸರಿನಲ್ಲಿ ಒಂದೂ ಒತ್ತಕ್ಷರವಿಲ್ಲ, ಒಂದೂ ಮಹಾಪ್ರಾಣವಿಲ್ಲ. ಚಿತ್ರದಲ್ಲಿ ಮರದ ಎಲೆಯೊಂದು ಮಸಕಾದರೆ ಮರವು ಮರವೇ. ಅಕ್ಷರದಲ್ಲಿ ಸೀಳೊಂದು ಮಸಕಾದರೆ ಪದವೇ ಬೇರೆ. ಚಿತ್ರಕ್ಕಾಗಿ ಹುಟ್ಟಿದ ಯಂತ್ರವು ಅಕ್ಷರಕ್ಕೆ ಒಗ್ಗದಿರುವುದರ ಮೂಲ ಇಲ್ಲಿದೆ.

ತೆರೆಯೆಂಬುದು ಪಿಕ್ಸೆಲ್ ಎಂದು ಕರೆಯುವ ಚುಕ್ಕೆಗಳ ಹಾಸು. ಅಂಗಳದಲ್ಲಿ ಚುಕ್ಕೆಯ ರಂಗೋಲಿಯನ್ನು ಇಡುವ ಗೃಹಿಣಿಗೆ ಈ ವಿಷಯವನ್ನು ವಿವರಿಸಬೇಕಾದುದೇ ಇಲ್ಲ. ಹತ್ತೊಂಬತ್ತು ಚುಕ್ಕೆಗೆಂದು ಕಟ್ಟಿದ ರಂಗೋಲಿಯನ್ನು ಹದಿನಾಲ್ಕು ಚುಕ್ಕೆಯ ಮೇಲೆ ಎಳೆಯಲು ಹೊರಟರೆ ಗೆರೆಗಳು ಚುಕ್ಕೆಯ ಮೇಲೆ ಬೀಳದೆ ನಡುವೆ ಬೀಳುತ್ತವೆ. ಟಿ.ವಿ.ಯಲ್ಲಿ ನಡೆಯುವುದೂ ಅದೇ. 32 ಅಂಗುಲದ ಅಗ್ಗದ ಟಿ.ವಿ.ಗಳಲ್ಲಿ ಹಲವಕ್ಕೆ ಅಡ್ಡಕ್ಕೆ 1366, ಉದ್ದಕ್ಕೆ 768 ಚುಕ್ಕೆಗಳು. ಕಂಪ್ಯೂಟರು ಕೇಳಿದಾಗ ಅವು ‘1920ಕ್ಕೆ 1080ರ ಚಿತ್ರವನ್ನೂ ಸ್ವೀಕರಿಸುತ್ತೇನೆ’ ಎಂದು ಧಾರಾಳವಾಗಿ ಉತ್ತರಿಸುತ್ತವೆ. ಸ್ವೀಕರಿಸುವುದೇನೋ ನಿಜ, ಆದರೆ ಇಪ್ಪತ್ತು ಲಕ್ಷಕ್ಕೂ ಮೀರಿದ ಚುಕ್ಕೆಗಳ ಚಿತ್ರವನ್ನು ಹತ್ತೂವರೆ ಲಕ್ಷ ಚುಕ್ಕೆಗಳಿಗೆ ಹಿಂಡಿ ತೋರಿಸುತ್ತವೆ. ಧಕಾರದ ಸೀಳು ಹಿಂಡಿಕೆಯಲ್ಲಿ ಕರಗಿಹೋಗುವುದು ಇಲ್ಲಿಯೇ. ಪರಿಹಾರವು ಸುಲಭ. ಟಿ.ವಿ.ಯ ಕೈಪಿಡಿಯಲ್ಲಿ ಅದರ ನಿಜವಾದ ಚುಕ್ಕೆಗಳ ಎಣಿಕೆಯನ್ನು ನೋಡಿ, ಕಂಪ್ಯೂಟರಿನ ಡಿಸ್‌ಪ್ಲೇ ಸೆಟ್ಟಿಂಗ್ಸಿನಲ್ಲಿ ರೆಸೊಲ್ಯೂಷನ್ ಎಂಬೆಡೆ ಅದೇ ಎಣಿಕೆಯನ್ನು ಆರಿಸಬೇಕು. 1366 ಇಲ್ಲದಿದ್ದರೆ 1360ಕ್ಕೆ 768 ಎಂಬುದು ಇರಬಹುದು; ಅದೂ ನಡೆಯುತ್ತದೆ. ದೊಡ್ಡ ಟಿ.ವಿ.ಗಳಲ್ಲಿ 1920ಕ್ಕೆ 1080, ‘4ಕೆ’ ಎನ್ನುವವುಗಳಲ್ಲಿ 3840ಕ್ಕೆ 2160 ಇರುತ್ತದೆ.

ಎಣಿಕೆ ಸರಿಹೋದ ಮೇಲೂ ಅಂಚುಗಳು ತೆರೆಯ ಆಚೆ ಸರಿದಿದ್ದರೆ ಅದಕ್ಕೆ ಓವರ್‌ಸ್ಕ್ಯಾನ್ ಕಾರಣ. ಇದು ಹಳೆಯ ಗಾಜಿನ ಕೊಳವೆಯ ಟಿ.ವಿ.ಗಳ ಕಾಲದ ಪಳೆಯುಳಿಕೆ. ಮಲೆನಾಡಿನ ಹಿರಿಯರಿಗೆ ನೆನಪಿರಬಹುದು: ಸಂಜೆ ವೋಲ್ಟೇಜು ಕುಸಿದಾಗ ಚಿತ್ರವು ನಾಲ್ಕು ಕಡೆಗಳಿಂದಲೂ ಕುಗ್ಗಿ ಸುತ್ತಲೂ ಕಪ್ಪು ಅಂಚು ತೋರುತ್ತಿತ್ತು, ಅದಕ್ಕೆಂದೇ ಪಕ್ಕದಲ್ಲಿ ಸ್ಟೆಬಿಲೈಸರ್ ಪೆಟ್ಟಿಗೆಯೊಂದು ಗುಂಯ್‌ಗುಡುತ್ತ ಕುಳಿತಿರುತ್ತಿತ್ತು. ಆ ಕೊಳವೆಗಳಲ್ಲಿ ಚಿತ್ರದ ಅಳತೆ ನಿಲ್ಲದು, ಅಂಚು ನೇರವಾಗಿರದು. ಆದುದರಿಂದ ತಯಾರಕರು ಚಿತ್ರವನ್ನು ತೆರೆಗಿಂತ ತುಸು ಹಿರಿದಾಗಿಯೇ ಮೂಡಿಸಿ ಅಂಚನ್ನು ಚೌಕಟ್ಟಿನ ಹಿಂದೆ ಅಡಗಿಸುವ ಉಪಾಯ ಮಾಡಿದರು. ಕೊಳವೆ ಹೋಯಿತು, ಚಪ್ಪಟೆ ತೆರೆ ಬಂದಿತು; ಅಂಚು ಕುಗ್ಗುವ ಭಯವೂ ಹೋಯಿತು. ಆದರೂ ಟಿ.ವಿ.ಯು ಹಿಂದಿನ ವಾಡಿಕೆಯಂತೆ ಚಿತ್ರವನ್ನು ನೂರಕ್ಕೆ ಎರಡರಿಂದ ಐದು ಪಾಲು ಹಿಗ್ಗಿಸಿಯೇ ತೋರಿಸುತ್ತದೆ. ಹಿಗ್ಗಿಸಿದೊಡನೆ ರಂಗೋಲಿಯ ಗೆರೆ ಮತ್ತೆ ಚುಕ್ಕೆ ತಪ್ಪುತ್ತದೆ. ಅಂಚು ಹೋಗುವುದೊಂದೇ ನಷ್ಟವಲ್ಲ. ತೆರೆಯ ನಡುವಣ ಅಕ್ಷರವೂ ಮಸಕಾಗುವುದು ಇದರಿಂದಲೇ ಎಂಬುದನ್ನು ಬಹುಮಂದಿ ಅರಿಯರು. ಇದನ್ನು ನಿಲ್ಲಿಸುವ ಆಯ್ಕೆಯು ಚಿತ್ರದ ಅಳತೆಯ ಪಟ್ಟಿಯಲ್ಲಿರುತ್ತದೆ. ಎಲ್‌ಜಿ ಟಿ.ವಿ.ಯಲ್ಲಿ ‘ಜಸ್ಟ್ ಸ್ಕ್ಯಾನ್’ ಎಂದೂ, ಸ್ಯಾಮ್‌ಸಂಗಿನಲ್ಲಿ ‘ಸ್ಕ್ರೀನ್ ಫಿಟ್’ ಇಲ್ಲವೆ ‘ಫಿಟ್ ಟು ಸ್ಕ್ರೀನ್’ ಎಂದೂ, ಸೋನಿಯಲ್ಲಿ ‘ಫುಲ್ ಪಿಕ್ಸೆಲ್’ ಎಂದೂ ಹೆಸರು ಕಾಣಬಹುದು. ತಯಾರಕರೆಲ್ಲ ಒಟ್ಟಿಗೆ ಕುಳಿತು ಒಂದೇ ಹೆಸರನ್ನಿಟ್ಟಿದ್ದರೆ ಲೋಕಕ್ಕೆ ಎಷ್ಟೋ ಉಪಕಾರವಾಗುತ್ತಿತ್ತು.

ಗೆರೆಯು ಚುಕ್ಕೆಯ ಮೇಲೆಯೇ ಬಿದ್ದಿದೆಯೇ ಎಂದು ಪರೀಕ್ಷಿಸಲು ಒಂದು ಸರಳ ವಿಧಾನವುಂಟು. ಕಂಪ್ಯೂಟರಿನ ಪೇಂಟ್ ಎಂಬ ಚಿತ್ರ ಬರೆಯುವ ಸಾಧನದಲ್ಲಿ ಒಂದು ಚುಕ್ಕೆಯಷ್ಟೇ ದಪ್ಪದ ಕಪ್ಪು ಗೆರೆಗಳನ್ನು ಒಂದೊಂದು ಚುಕ್ಕೆ ಬಿಟ್ಟು ಹತ್ತಿಪ್ಪತ್ತು ಎಳೆದು, ಚಿತ್ರವನ್ನು ಅದರ ಸಹಜ ಅಳತೆಯಲ್ಲಿಯೇ ಇಟ್ಟು ತೆರೆಯ ಸಮೀಪದಿಂದ ನೋಡಬೇಕು. ಗೆರೆಗಳೆಲ್ಲ ಸಮಾನವಾಗಿ, ಒಂದೊಂದೂ ಬಿಡಿಬಿಡಿಯಾಗಿ ಕಂಡರೆ ಎಲ್ಲವೂ ಸರಿಯಿದೆ. ಕೆಲವು ದಪ್ಪ, ಕೆಲವು ತೆಳು, ನಡುನಡುವೆ ಬೂದುಬಣ್ಣದ ಪಟ್ಟೆ ಕಂಡರೆ ಎಲ್ಲಿಯೋ ಹಿಗ್ಗಿಸುವ ಇಲ್ಲವೆ ಹಿಂಡುವ ಕೆಲಸ ಇನ್ನೂ ನಡೆದಿದೆಯೆಂದು ತಿಳಿಯಬೇಕು.

ಮುಂದಿನದು ಬಣ್ಣದ ವಿಚಾರ. ಇದು ಸ್ವಲ್ಪ ಸೂಕ್ಷ್ಮವಾದುದು. ಮನುಷ್ಯನ ಕಣ್ಣು ಬೆಳಕಿನ ಏರಿಳಿತವನ್ನು ಗುರುತಿಸುವಷ್ಟು ಚುರುಕಾಗಿ ಬಣ್ಣದ ಏರಿಳಿತವನ್ನು ಗುರುತಿಸದು. ಕಪ್ಪುಬಿಳುಪಿನ ಪ್ರಸಾರಕ್ಕೆ ಬಣ್ಣವನ್ನು ಕೂಡಿಸಿದ ಕಾಲದಿಂದಲೂ ಯಂತ್ರಜ್ಞರು ಈ ದೌರ್ಬಲ್ಯವನ್ನು ಬಳಸಿಕೊಂಡು ಬೆಳಕನ್ನು ಪೂರ್ಣವಾಗಿಯೂ ಬಣ್ಣವನ್ನು ಸಂಕ್ಷೇಪವಾಗಿಯೂ ಕಳುಹಿಸುತ್ತ ಬಂದಿದ್ದಾರೆ. ಭಾರತದಲ್ಲಿ 1982ರಿಂದ ಬಿತ್ತರಗೊಂಡ ಬಣ್ಣದ ಚಿತ್ರಗಳೆಲ್ಲ ಹಾಗೆಯೇ ಬಂದವು. ಇಂದಿನ ಟಿ.ವಿ.ಯ ಒಳಗೂ ಈ ಮಿತವ್ಯಯ ಉಳಿದಿದೆ. ಅಕ್ಕಪಕ್ಕದ, ಮೇಲುಕೆಳಗಿನ ನಾಲ್ಕು ಚುಕ್ಕೆಗಳಿಗೆ ನಾಲ್ಕು ಬೆಳಕು, ಆದರೆ ಒಂದೇ ಬಣ್ಣ. ನಾಲ್ಕು ಮನೆಗಳಿಗೆ ಒಂದೇ ಬಣ್ಣದ ಬಟ್ಟಲು ಕೊಟ್ಟಂತೆ. ಹಾಡಿಯ ಹಸುರಿನಲ್ಲಿ, ನಟರ ಮುಖದಲ್ಲಿ ಇದು ಗೊತ್ತಾಗುವುದಿಲ್ಲ. ನೀಲಿಯ ನೆಲದ ಮೇಲೆ ಕೆಂಪು ಅಕ್ಷರವನ್ನು ಬರೆದಾಗ ಬಟ್ಟಲಿನ ಬಣ್ಣ ನೆರೆಮನೆಗೆ ಚೆಲ್ಲಿ ಅಕ್ಷರವು ಸೋರಿದ ಶಾಯಿಯಂತಾಗುತ್ತದೆ. ವಿಂಡೋಸಿನ ಕ್ಲಿಯರ್‌ಟೈಪ್ ಎಂಬ ವ್ಯವಸ್ಥೆಯು ಪ್ರತಿ ಚುಕ್ಕೆಯೊಳಗಿನ ಕೆಂಪು, ಹಸುರು, ನೀಲಿಯ ಅಂಶಗಳನ್ನು ಬೇರೆಬೇರೆಯಾಗಿ ಬೆಳಗಿಸಿ ಅಕ್ಷರದ ಅಂಚನ್ನು ನುಣುಪು ಮಾಡುವುದರಿಂದ, ಕಪ್ಪು ಅಕ್ಷರಕ್ಕೂ ಈ ಸೋರಿಕೆಯ ಸೋಂಕು ತಗಲದಿರದು.

ಇದಕ್ಕೆ ಮದ್ದು ಇದೆ, ಆದರೆ ಅದನ್ನು ಇಟ್ಟಿರುವ ಜಾಗ ವಿಚಿತ್ರವಾದುದು. ಸ್ಯಾಮ್‌ಸಂಗ್, ಎಲ್‌ಜಿ ಮೊದಲಾದ ಟಿ.ವಿ.ಗಳಲ್ಲಿ ಎಚ್‌ಡಿಎಂಐ ಕಂಡಿಗೆ ಹೆಸರಿಡುವ ಒಂದು ಪಟ್ಟಿಯುಂಟು. ಡಿವಿಡಿ, ಗೇಮ್, ಪಿಸಿ ಎಂಬ ಹೆಸರುಗಳು ಅದರಲ್ಲಿರುತ್ತವೆ. ನೋಡಿದವರಿಗೆ ಅದು ಬರಿಯ ನಾಮಕರಣವೆಂದೇ ತೋರುತ್ತದೆ. ಹಾಗಲ್ಲ. ಕಂಪ್ಯೂಟರು ಸೇರಿರುವ ಕಂಡಿಗೆ ‘ಪಿಸಿ’ ಎಂಬ ಹೆಸರನ್ನಿಟ್ಟೊಡನೆ ಅಂಥ ಟಿ.ವಿ.ಗಳಲ್ಲಿ ಹಲವು ಬಣ್ಣದ ಸಂಕ್ಷೇಪವನ್ನು ಕೈಬಿಟ್ಟು ನಾಲ್ಕು ಮನೆಗೆ ನಾಲ್ಕು ಬಟ್ಟಲನ್ನು ಕೊಡುತ್ತವೆ. ಚಿತ್ರವನ್ನು ಅಂದಗೊಳಿಸುವ ಉಪಚಾರಗಳನ್ನೂ ಬಹುಮಟ್ಟಿಗೆ ನಿಲ್ಲಿಸುತ್ತವೆ. ಹೆಸರು ಬದಲಾದರೆ ಗುಣವೂ ಬದಲಾಗುವುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕದು. ಸೋನಿಯವುಗಳಲ್ಲಿ ‘ಗ್ರಾಫಿಕ್ಸ್’ ಎಂಬ ಚಿತ್ರವಿಧಾನವು ಈ ಕೆಲಸ ಮಾಡುತ್ತದೆ. ಈ ಯಾವ ಸೌಕರ್ಯವೂ ಇಲ್ಲದ ಟಿ.ವಿ.ಯಾದರೆ ಉಪಾಧ್ಯಾಯರು ಪಾಠವನ್ನು ಬಿಳಿಯ ನೆಲದ ಮೇಲೆ ಕಪ್ಪು ಅಕ್ಷರದಲ್ಲಿ ಇಲ್ಲವೆ ಕಪ್ಪು ನೆಲದ ಮೇಲೆ ಬಿಳಿಯ ಅಕ್ಷರದಲ್ಲಿ ಸಿದ್ಧಪಡಿಸುವುದು ಲೇಸು. ಬಣ್ಣಬಣ್ಣದ ಅಕ್ಷರಗಳ ಮೋಹವನ್ನು ಬಿಡುವುದು ಹೇಗೂ ಒಳ್ಳೆಯದೇ.

ಉಪಚಾರವೆಂದೆವಲ್ಲ, ಅವುಗಳಲ್ಲಿ ಶಾರ್ಪ್‌ನೆಸ್ ಎಂಬುದು ಎಲ್ಲರನ್ನೂ ದಾರಿ ತಪ್ಪಿಸುತ್ತದೆ. ಅಕ್ಷರ ಮಸಕಾಗಿದೆಯೆಂದು ಕಂಡೊಡನೆ ಯಾರಾದರೂ ಮೊದಲು ಇದನ್ನು ಏರಿಸುತ್ತಾರೆ. ಅದು ಹೊಸದಾಗಿ ಏನನ್ನೂ ತೋರಿಸದು; ಕಪ್ಪು ಗೆರೆಯ ಪಕ್ಕದಲ್ಲಿ ಒಂದು ಬಿಳಿಯ ಗೆರೆಯನ್ನು ತಾನಾಗಿ ಎಳೆದು ಚುರುಕಿನ ಭ್ರಮೆ ಹುಟ್ಟಿಸುತ್ತದೆ. ಎರಡು ಗೆರೆಗಳು ಒತ್ತಾಗಿರುವ ಒತ್ತಕ್ಷರದಲ್ಲಿ ಈ ಬಿಳಿಯ ನೆರಳುಗಳು ಒಂದಕ್ಕೊಂದು ತಾಗಿ ಅಕ್ಷರದ ಒಡಲನ್ನೇ ತಿನ್ನುತ್ತವೆ. ಆದಕಾರಣ ಅದನ್ನು ಇಳಿಸುತ್ತ ಬಂದು ನೆರಳು ಮಾಯವಾಗುವಲ್ಲಿ ನಿಲ್ಲಿಸಬೇಕು. ಕೆಲವು ಟಿ.ವಿ.ಗಳಲ್ಲಿ ಅದು ಸೊನ್ನೆಯಾದಾಗ, ಕೆಲವದರಲ್ಲಿ ನಡುವಣ ಅಂಕೆಗೆ ಬಂದಾಗ ಚಿತ್ರವು ಸಹಜವಾಗುತ್ತದೆ. ಅಂಕೆಯನ್ನು ನಂಬದೆ ಕಣ್ಣನ್ನು ನಂಬಬೇಕು. ನಾಯ್ಸ್ ರಿಡಕ್ಷನ್ ಎಂಬ ಇನ್ನೊಂದು ಉಪಚಾರವು ಚಿತ್ರದ ಧೂಳನ್ನು ಒರೆಸುವುದಕ್ಕಾಗಿ ಇರತಕ್ಕದ್ದು. ಥಕಾರದ ಹೊಟ್ಟೆಯ ಚುಕ್ಕೆಯನ್ನೂ ಅದು ಧೂಳೆಂದೇ ಬಗೆದೀತು. ಅದನ್ನು ಆರಿಸಿಬಿಡಬೇಕು. ‘ವಿವಿಡ್’ ಅಥವಾ ‘ಡೈನಾಮಿಕ್’ ಎಂಬ ಕಣ್ಣುಕೋರೈಸುವ ವಿಧಾನವು ಅಂಗಡಿಯಲ್ಲಿ ಗಿರಾಕಿಗಳನ್ನು ಸೆಳೆಯುವುದಕ್ಕೆ ಸರಿ, ತರಗತಿಗೆ ತಕ್ಕುದಲ್ಲ.

ಕಪ್ಪು ಕಪ್ಪಾಗಿ ಕಾಣದೆ ಬೂದಿ ಬಳಿದಂತೆ ತೋರುವುದು, ಇಲ್ಲವೆ ನಸುಗಪ್ಪು ಭಾಗಗಳೆಲ್ಲ ಒಂದೇ ಕಗ್ಗತ್ತಲೆಯಾಗಿ ಮುಳುಗುವುದು, ಇದು ಬೇರೊಂದು ತೊಡಕು. ಟಿ.ವಿ.ಯ ಲೋಕದಲ್ಲಿ ಕಪ್ಪಿಗೆ 16, ಬಿಳುಪಿಗೆ 235 ಎಂದು ಅಂಕೆ. ಕಂಪ್ಯೂಟರಿನ ಲೋಕದಲ್ಲಿ ಕಪ್ಪು ಸೊನ್ನೆ, ಬಿಳುಪು 255. ಒಬ್ಬನು ಸೇರಿನಲ್ಲಿ ಅಳೆದು ಕೊಟ್ಟುದನ್ನು ಇನ್ನೊಬ್ಬನು ಲೀಟರಿನಲ್ಲಿ ಲೆಕ್ಕ ಹಾಕಿಕೊಂಡಂತೆ ಇಲ್ಲಿ ವ್ಯವಹಾರ ಕೆಡುತ್ತದೆ. ಟಿ.ವಿ.ಯಲ್ಲಿ ‘ಬ್ಲ್ಯಾಕ್ ಲೆವೆಲ್’ ಎಂಬುದನ್ನೋ, ಕಂಪ್ಯೂಟರಿನ ಗ್ರಾಫಿಕ್ಸ್ ಹೊಂದಾಣಿಕೆಯಲ್ಲಿ ‘ಫುಲ್’ ಮತ್ತು ‘ಲಿಮಿಟೆಡ್’ ಎಂಬವುಗಳಲ್ಲಿ ಒಂದನ್ನೋ ಬದಲಿಸಿ ಎರಡೂ ಕಡೆ ಒಂದೇ ಅಳತೆಯಿರುವಂತೆ ಮಾಡಿದರೆ ಸಾಕು.

ಮೌಸನ್ನು ಸರಿಸಿದಾಗ ಬಾಣದ ಗುರುತು ತಡವಾಗಿ, ಸೋಮಾರಿಯಂತೆ ಹಿಂದೆ ಬರುವುದೆಂಬ ದೂರು ಸಾಮಾನ್ಯ. ಅದಕ್ಕೆ ಗೇಮ್ ವಿಧಾನ ಅಥವಾ ಮೇಲೆ ಹೇಳಿದ ಪಿಸಿ ವಿಧಾನವೇ ಔಷಧ. 4ಕೆ ಟಿ.ವಿ.ಯಲ್ಲಿ ಈ ದೂರು ಬಂದರೆ ಕೇಬಲನ್ನೂ ಕಂಪ್ಯೂಟರಿನ ವಯಸ್ಸನ್ನೂ ವಿಚಾರಿಸಬೇಕು: 2009ರ ಎಚ್‌ಡಿಎಂಐ 1.4ರ ಕಟ್ಟಳೆಯಲ್ಲಿ ಆ ಅಳತೆಯ ಚಿತ್ರವು ಸೆಕೆಂಡಿಗೆ 30 ಬಾರಿ ಮಾತ್ರ ಹೊಸದಾಗುತ್ತದೆ. 60 ಬಾರಿ ಆಗಬೇಕಾದರೆ 2013ರ ಎಚ್‌ಡಿಎಂಐ 2.0ಕ್ಕೆ ಒಪ್ಪುವ ಸಲಕರಣೆ ಎರಡೂ ತುದಿಗಳಲ್ಲಿ ಬೇಕು. ಇನ್ನು ಮೊಬೈಲಿನ ಚಿತ್ರವನ್ನು ತಂತಿಯಿಲ್ಲದೆ ಟಿ.ವಿ.ಗೆ ಹಾಯಿಸುವ ವಿಧಾನ. ಅನುಕೂಲವೇನೋ ಹೌದು, ಆದರೆ ಗಾಳಿಯಲ್ಲಿ ಕಳುಹಿಸುವುದಕ್ಕಾಗಿ ಚಿತ್ರವನ್ನು ಹಿಂಡಲೇಬೇಕು, ಹಿಂಡಿದರೆ ಅಕ್ಷರದ ಸತ್ತ್ವ ಹೋಗಲೇಬೇಕು. 2020ರ ಮಹಾಮಾರಿಯ ದಿನಗಳಲ್ಲಿ ಮಲೆನಾಡಿನ ಎಷ್ಟೋ ಮಕ್ಕಳು ನೆಟ್‌ವರ್ಕಿಗಾಗಿ ಗುಡ್ಡದ ನೆತ್ತಿಯನ್ನು ಹತ್ತಿ ಅಂಗೈಯಗಲದ ತೆರೆಯಲ್ಲಿ ಪಾಠ ಓದಿದರು. ಆ ವರ್ಷವೇ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಬಿತ್ತರಗೊಂಡು ಟಿ.ವಿ.ಯು ಮತ್ತೆ ಉಪಾಧ್ಯಾಯನಾಯಿತು. ಅಂದು ಅನಿವಾರ್ಯವಾಗಿದ್ದ ಮೊಬೈಲನ್ನೇ ಇಂದೂ ತರಗತಿಯ ಮೂಲವಾಗಿ ಇಟ್ಟುಕೊಳ್ಳುವುದು ಉಚಿತವಲ್ಲ. ಐದು ಮೀಟರಿಗೆ ಮೀರದ ಎಚ್‌ಡಿಎಂಐ ಕೇಬಲೊಂದೇ ಸಾಕು.

ಅಕ್ಷರವು ಎಷ್ಟು ದೊಡ್ಡದಿರಬೇಕೆಂಬುದು ಎಲ್ಲಕ್ಕಿಂತ ಮುಖ್ಯವಾದರೂ ಬಹಳ ಕಡಮೆ ಯೋಚಿಸಲ್ಪಟ್ಟ ಪ್ರಶ್ನೆ. ದೋಷವಿಲ್ಲದ ಕಣ್ಣು ಒಂದು ಡಿಗ್ರಿಯ ಅರುವತ್ತನೆಯ ಒಂದು ಪಾಲಿನಷ್ಟು ಅಂತರವನ್ನು ಬಿಡಿಸಿ ನೋಡಬಲ್ಲುದೆಂದು ನೇತ್ರಶಾಸ್ತ್ರದ ಲೆಕ್ಕ. ಏಳು ಮೀಟರು ದೂರದ ಕಡೆಯ ಬೆಂಚಿನಿಂದ ಅದು ಎರಡು ಮಿಲಿಮೀಟರು. ಎಂದರೆ ಧಕಾರದ ಸೀಳು ಎರಡು ಮಿಲಿಮೀಟರಿಗಿಂತ ಕಿರಿದಾದರೆ ಅಲ್ಲಿ ಕುಳಿತ ಹುಡುಗನ ಪಾಲಿಗೆ ಅದು ದಕಾರವೇ. ಸೀಳು ಅಕ್ಷರದ ಎತ್ತರದ ಹತ್ತರಲ್ಲೊಂದು ಪಾಲೆಂದು ಹಿಡಿದರೆ ಒತ್ತು, ಗುಡಿಸುಗಳನ್ನು ಬಿಟ್ಟ ಅಕ್ಷರದ ಒಡಲೇ ಎರಡು ಸೆಂಟಿಮೀಟರು ಎತ್ತರವಿರಬೇಕಾಗುತ್ತದೆ. ಒತ್ತುಗಳಿಗೂ ಸಾಲುಗಳ ನಡುವಣ ಬಯಲಿಗೂ ಎಡೆಗೊಟ್ಟರೆ ಒಂದು ಸಾಲಿಗೆ ಸುಮಾರು ಐದು ಸೆಂಟಿಮೀಟರು. 43 ಅಂಗುಲದ ಟಿ.ವಿ.ಯ ತೆರೆಯ ಎತ್ತರ ಸುಮಾರು 53 ಸೆಂಟಿಮೀಟರು. ಅಲ್ಲಿಗೆ ಹತ್ತು ಸಾಲು. 32 ಅಂಗುಲದಲ್ಲಿ ಎಂಟು ಸಾಲಿಗೂ ಕಡಮೆ. ಆದರೆ ಪಠ್ಯಪುಸ್ತಕದ ಇಡೀ ಪುಟವನ್ನು ಹಾಗೆಯೇ ತೆರೆಯ ಮೇಲೆ ಎತ್ತಿ ಹಾಕುವುದು ವಾಡಿಕೆಯಾಗಿದೆ! ಕನ್ನಡಕ ಬೇಕೆಂದು ಇನ್ನೂ ಯಾರಿಗೂ ತಿಳಿಯದ ಮಗುವೂ ಆ ಬೆಂಚಿನಲ್ಲಿರಬಹುದು. ಅದರ ಸಲುವಾಗಿ ಹತ್ತು ಸಾಲನ್ನು ಎಂಟಕ್ಕೆ ಇಳಿಸಿದರೆ ಪಾಠಕ್ಕೆ ಹಾನಿಯಿಲ್ಲ.

ಇದೇ ಲೆಕ್ಕವು ದಾನಿಗಳಿಗೂ ಒಂದು ಮಾತನ್ನು ಹೇಳುತ್ತದೆ. 43 ಅಂಗುಲದ, 1920ಕ್ಕೆ 1080ರ ಟಿ.ವಿ.ಯಲ್ಲಿ ಒಂದೊಂದು ಚುಕ್ಕೆ ಅರ್ಧ ಮಿಲಿಮೀಟರು. ಒಂದೂಮುಕ್ಕಾಲು ಮೀಟರಿಗಿಂತ ಆಚೆ ನಿಂತವರಿಗೆ ಅವು ಬಿಡಿಬಿಡಿಯಾಗಿ ಕಾಣುವುದೇ ಇಲ್ಲ. ಮೊದಲ ಬೆಂಚೇ ಆ ದೂರದಲ್ಲಿರುವಾಗ ತರಗತಿಗೆಂದು ಅದೇ ಅಂಗುಲದ 4ಕೆ ಟಿ.ವಿ.ಗೆ ಹೆಚ್ಚು ಹಣ ತೆರುವುದರಿಂದ ಮಕ್ಕಳಿಗೆ ಅಕ್ಷರವು ಹೆಚ್ಚು ಸ್ಪಷ್ಟವಾಗದು. ಆ ಹಣದಲ್ಲಿ ಅಂಗುಲವನ್ನು ಹೆಚ್ಚಿಸಿದರೆ ಪ್ರಯೋಜನವುಂಟು. ಕಚೇರಿಯ ಮೇಜಿನ ಮೇಲೆ ಟಿ.ವಿ.ಯನ್ನು ಮಾನಿಟರಾಗಿ ಇಟ್ಟುಕೊಂಡು ಮೊಳದ ಅಂತರದಲ್ಲಿ ಕುಳಿತು ಲೆಕ್ಕಪತ್ರ ಬರೆಯುವ ಗುಮಾಸ್ತರ ವಿಷಯ ಬೇರೆ. ಅವರಿಗೆ ಅರ್ಧ ಮಿಲಿಮೀಟರಿನ ಚುಕ್ಕೆಗಳು ರಾಗಿಕಾಳಿನಂತೆ ಎದ್ದು ಕಾಣುತ್ತವೆ. ಅವರಿಗೆ 4ಕೆ ಸಾರ್ಥಕ. ಇಲ್ಲವೆ ಸಾಧಾರಣ 22 ಅಂಗುಲದ ಮಾನಿಟರೇ ಮೇಲು, ಅದರ ಚುಕ್ಕೆ ಕಾಲು ಮಿಲಿಮೀಟರಿನದು.

ಮಲೆನಾಡಿಗೆ ವಿಶೇಷವಾದ ಒಂದೆರಡು ಸಂಗತಿಗಳು ಉಳಿದಿವೆ. ಮಾರ್ಚಿಯಿಂದ ಮೇವರೆಗಿನ ಗುಡುಗುಮಳೆಯ ಕಾಲದಲ್ಲಿ ಛಾವಣಿಯ ಮೇಲಿನ ಡಿಶ್ಶಿನಿಂದ ಇಳಿದ ತಂತಿಯು ಸಿಡಿಲಿನ ಆಘಾತವನ್ನು ಒಳಕ್ಕೆ ತರಬಲ್ಲುದು. ಎಚ್‌ಡಿಎಂಐ ಕೇಬಲು ಜೋಡಿಸಿದ್ದರೆ ಅದು ಟಿ.ವಿ.ಯನ್ನು ದಾಟಿ ಕಂಪ್ಯೂಟರಿಗೂ ತಲುಪುತ್ತದೆ. ಆದುದರಿಂದ ಪಾಠ ಮುಗಿದೊಡನೆ ಸ್ವಿಚ್ಚನ್ನು ಆರಿಸಿದರೆ ಸಾಲದು. ಪ್ಲಗ್ಗನ್ನೂ ಡಿಶ್ಶಿನ ತಂತಿಯನ್ನೂ ಕಿತ್ತಿಡಬೇಕು. ಭೂಸಂಪರ್ಕ ಸರಿಯಿಲ್ಲದ ಹಳೆಯ ಕಟ್ಟಡಗಳಲ್ಲಿ ಎರಡೂ ಯಂತ್ರಗಳು ನಡೆಯುತ್ತಿರುವಾಗ ಕೇಬಲನ್ನು ಸಿಕ್ಕಿಸಿದರೆ ಕಂಡಿಯು ಸುಟ್ಟುಹೋಗುವುದುಂಟು. ಎರಡನ್ನೂ ಆರಿಸಿಯೇ ಜೋಡಿಸಬೇಕು. ಜೂನಿನಿಂದ ಸೆಪ್ಟೆಂಬರಿನವರೆಗಿನ ಮಳೆಯಲ್ಲಿ ಗೋಡೆಗಳೇ ಬೆವರುವಾಗ ಟಿ.ವಿ.ಯನ್ನು ಗೋಡೆಗೆ ಒತ್ತಿ ಕೂರಿಸದೆ ಗಾಳಿಯಾಡಲು ನಾಲ್ಕು ಬೆರಳು ಎಡೆ ಬಿಡುವುದೂ, ಪಾಠವಿಲ್ಲದ ವಾರದಲ್ಲಿಯೂ ಒಂದೆರಡು ಬಾರಿ ಅದನ್ನು ಹೊತ್ತಿಸಿ ಬೆಚ್ಚಗಿಡುವುದೂ ಅವಶ್ಯ. ತೆರೆಯ ಮೇಲೆ ಬೂಷ್ಟು ಕಂಡರೆ ಸೀಮೆಸುಣ್ಣದ ಡಸ್ಟರಿನಿಂದ ಒರೆಸಕೂಡದು. ತುಸುವೇ ತೇವವಾದ ಮೆತ್ತನೆಯ ಹತ್ತಿಬಟ್ಟೆ ಸಾಕು.

ಎಲ್ಲವನ್ನೂ ಹೊಂದಿಸಿದ ಬಳಿಕ ‘ಶೃಂಗೇರಿ, ಕೊಪ್ಪ, ಧನ, ದನ, ಆದಿ, ಆಧಿ, ಫಲ, ಪಲ, ಕಥೆ, ಷಷ್ಠಿ’ ಎಂಬ ಪದಗಳನ್ನು ತೆರೆಯ ಮೇಲೆ ಬರೆದು, ಕಡೆಯ ಬೆಂಚಿನ ಮಗುವಿನಿಂದ ಗಟ್ಟಿಯಾಗಿ ಓದಿಸಬೇಕು. ಅರ್ಥದ ಸಹಾಯದಿಂದ ಊಹಿಸದಂತೆ ಪದಗಳ ಅನುಕ್ರಮವನ್ನು ಆಗಾಗ ಬದಲಿಸುವುದು ಒಳ್ಳೆಯದು. ಓವರ್‌ಸ್ಕ್ಯಾನ್ ನಿಲ್ಲಿಸಲು ಬಾರದ, ಪಿಸಿ ಎಂಬ ಹೆಸರೂ ಇಲ್ಲದ ಕೆಲವು ಅಗ್ಗದ ಟಿ.ವಿ.ಗಳಲ್ಲಿ ಏನು ಮಾಡಿದರೂ ಮಗು ಎಡವುತ್ತದೆ. ಅಂಥದನ್ನು ಚಲಚ್ಚಿತ್ರಕ್ಕೂ ಭೂಪಟಕ್ಕೂ ಮೀಸಲಿಟ್ಟು, ಅಕ್ಷರವನ್ನು ಪಕ್ಕದ ಕರಿಹಲಗೆಯ ಮೇಲೆ ಸೀಮೆಸುಣ್ಣದಿಂದ ಬರೆಯತಕ್ಕದ್ದು.